ಹೊಟ್ಟೆ ಊದಿದ ಮಗುವನ್ನು ಬಚ್ಚಿಡಬೇಡಿ

ಕುದೇರಿನ ಮಲ್ಲೇಶನ ಮಗಳು ನಯನಾಳ ಹೊಟ್ಟೆ ಮಡಕೆಯ ಹಾಗೆ ಊದಿತ್ತು. ಕೈಕಾಲು ಮಾತ್ರ ಸಣಕಲು. ಆಗಾಗ ಮೂಗಿನಿಂದ ರಕ್ತ ಬರುತ್ತಿತ್ತು. "ಮಣ್ಣು ತಿಂತದೆ" ಅಂದರು ಕೆಲವರು. "ಅವ್ವ ಸರ್ಯಾಗಿ ಉಣ್ಣಕ್ಕಿಕ್ಕಲ್ಲ" ಅಂದರು ಇನ್ನು ಕೆಲವರು. ಹುಳದ ಮಾತ್ರೆ ನುಂಗಿಸಿದ್ದಾಯಿತು, ತಾಯಿತ ಕಟ್ಟಿಸಿದ್ದಾಯಿತು. ಗುಂಡ್ಲುಪೇಟೆ ಮಾರುಕಟ್ಟೆಗೆ ಈರುಳ್ಳಿ ಹಾಕಲು ಹೋಗುವಾಗ ಮಗು ಎಷ್ಟು ಹಟ ಮಾಡಿದರೂ ಮಲ್ಲೇಶ ಕರೆದೊಯ್ಯುತ್ತಿರಲಿಲ್ಲ. ನೋಡಿದವರು ನಕ್ಕಾರು ಎಂಬ ಅಂಜಿಕೆ.

ಆಶಾ ಕಾರ್ಯಕರ್ತೆ ಕುಮಾರಿ ಬಂದಾಗಲೆಲ್ಲ ಹೇಳುತ್ತಿದ್ದಳು: "ಮಲ್ಲೇಶಣ್ಣ, ಮಗೀನ ಚಾಮರಾಜನಗರದ ದೊಡ್ಡಾಸ್ಪತ್ರೆಗೆ ತೋರ್ಸಿ. ಇದು ಬರೀ ಹುಳದ ಹೊಟ್ಟೆ ಅಲ್ಲ ಅನ್ಸತ್ತೆ."

"ಸುಮ್ಕಿರಮ್ಮ. ತಂಗಿಗೆ ಗಂಡು ನೋಡ್ತಾ ಇವ್ನಿ. ವಂಶದ ಕಾಯ್ಲೆ ಅಂದ್ಬುಟ್ರೆ ಯಾರು ನಮ್ಮನೆಗೆ ಬಂದಾರು?"

ತಂಗಿ ಶಿವರಂಜಿನಿಯನ್ನು ನೋಡಲು ಗಂಡಿನ ಕಡೆಯವರು ಬಂದ ದಿನ, ಅವನು ಮಗಳನ್ನು ಹಿಂದಿನ ಕೋಣೆಗೆ ಕಳಿಸಿ ಚಿಲಕ ಹಾಕಿದ. ಹೆಂಡತಿ ಭವ್ಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನೆಂಟರು ಉಪ್ಪಿಟ್ಟು ತಿನ್ನುತ್ತಿದ್ದಾಗ ಒಳಗಿನಿಂದ ಸಣ್ಣ ದನಿ ಬಂತು:

"ಅಪ್ಪಾ, ಹೊಟ್ಟೆ ಒಳಕ್ಕೆ ಎಳ್ಕಂಡಿವ್ನಿ ಕಣಪ್ಪ. ಈಗ ಬರ್ಲಾ?"

ಎಲ್ಲರ ಕೈ ತಟ್ಟೆಯಲ್ಲೇ ನಿಂತಿತು. ಮಲ್ಲೇಶ ಎದ್ದು ಹೋದ. ಚಿಲಕ ತೆಗೆದರೆ ಮಗು ಉಸಿರು ಬಿಗಿಹಿಡಿದು ನಿಂತಿತ್ತು. ಮೂಗಿನ ರಕ್ತ ಇಳಿದು ಫ್ರಾಕು ಒದ್ದೆಯಾಗಿತ್ತು. ಅವಳ ಮುಖ ನೋಡಲಾರದೆ ಎದೆಗವುಚಿಕೊಂಡು ಎಲ್ಲರೆದುರೇ ಹೊರಗೆ ಬಂದ. "ಕುಮಾರೀನ ಕರೀರಿ" ಅಂದ.

ಚಾಮರಾಜನಗರದಲ್ಲಿ ಡಾಕ್ಟರು ಮಗುವಿನ ಹೊಟ್ಟೆ ಮುಟ್ಟಿ ನೋಡಿದರು. "ಎಡಗಡೆ ಗುಲ್ಮ, ಬಲಗಡೆ ಲಿವರ್, ಎರಡೂ ದಪ್ಪ ಆಗಿವೆ. ನೀವು ಗಂಡಹೆಂಡ್ತಿ ಸಂಬಂಧಿಕರಾ?"

"ಸೋದರಮಾವನ ಮಗಳು ಸಾ."

"ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಒಂದು ಬಗೆಯ ಕೊಬ್ಬು ಮೈಯಲ್ಲಿ ಕರಗಲ್ಲ, ಒಳಗೇ ನಿಂತುಬಿಡುತ್ತೆ. ರಕ್ತ ತೆಗೆದು, ರಕ್ತಕಣಗಳಲ್ಲಿ ಆ ಕೊಬ್ಬು ಎಷ್ಟಿದೆ ಅಂತ ದೊಡ್ಡ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸ್ತೀವಿ. ಇದು ಮಾಮೂಲಿ ಕೊಲೆಸ್ಟ್ರಾಲ್ ಟೆಸ್ಟ್ ಅಲ್ಲ."

"ಯಾರ ಕಡೆಯಿಂದ ಬಂದದೆ ಸಾ? ಇವಳ ಕಡೆಯಿಂದ್ಲಾ?"

"ಇಂಥ ಕಾಯಿಲೆ ಹೆಚ್ಚಾಗಿ ಅಪ್ಪ ಅಮ್ಮ ಇಬ್ಬರಿಂದಲೂ ಬರುತ್ತೆ. ಇದರಲ್ಲಿ ಯಾರ ತಪ್ಪೂ ಇಲ್ಲ."

ಭವ್ಯಳ ಕಡೆ ತಿರುಗಲು ಮಲ್ಲೇಶನಿಗೆ ಮುಖವಿರಲಿಲ್ಲ. ಊರು ಅವಳನ್ನು ಆಡಿಕೊಂಡಾಗ ಅವನು ಒಂದು ಸಲವೂ ಅವಳ ಪರ ನಿಂತಿರಲಿಲ್ಲ.

ಪರೀಕ್ಷೆಯಲ್ಲಿ, ಹಾಗೆ ಕೊಬ್ಬು ಒಳಗೇ ನಿಲ್ಲುವ ಗೋಶೆ ಎಂಬ ಕಾಯಿಲೆಯ ಸುಳಿವು ಸಿಕ್ಕಿತು. ಇನ್ನೊಂದು ಪರೀಕ್ಷೆ ಅದನ್ನು ಖಚಿತಪಡಿಸಿತು. ಚಿಕಿತ್ಸೆ ಶುರುವಾದ ಮೇಲೆ ಮೂಗಿನ ರಕ್ತ ನಿಂತಿದೆ. ಹೊಟ್ಟೆ ಇನ್ನೂ ಪೂರ್ತಿ ಇಳಿದಿಲ್ಲ, ಆದರೆ ಮಗು ಓಡಾಡಿ ಆಡುತ್ತದೆ.

ಶಿವರಂಜಿನಿಯೇ ಹೇಳಿದಳು: "ಅಣ್ಣ, ಅವತ್ತು ನನ್ನ ನೋಡಕ್ಕೆ ಬಂದಿದ್ದ ಗಂಡೂ ನಮ್ ಸಂಬಂಧದೋನೆ. ಮುಚ್ಚಿಡದು ಬ್ಯಾಡ, ಡಾಕ್ಟ್ರನ್ನ ಕೇಳ್ಕಂಡೇ ಮುಂದಕ್ಕೆ ಹೋಗನ." ಮಲ್ಲೇಶ ತಾನೇ ಹೋಗಿ ಗಂಡಿನ ಮನೆಯವರಿಗೆ ಎಲ್ಲ ತಿಳಿಸಿ ಬಂದ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಮಗುವಿನ ಹೊಟ್ಟೆ ಊದಿದ್ದರೆ, ಪದೇ ಪದೇ ರಕ್ತ ಸೋರುತ್ತಿದ್ದರೆ, ಬೆಳವಣಿಗೆ ಕುಂಠಿತವಾಗಿದ್ದರೆ, ತಾಯಿಯನ್ನು ದೂರಬೇಡಿ. ಇಂಥ ಕಾಯಿಲೆಗಳಲ್ಲಿ ಕೆಲವಕ್ಕೆ ಔಷಧಿಯಿಲ್ಲ, ಆದರೆ ಯಾವುದಕ್ಕಿದೆ ಎಂದು ತಿಳಿಯುವುದು ಪರೀಕ್ಷೆಯಿಂದಲೇ. ಸಂಬಂಧದಲ್ಲಿ ಮದುವೆ ಮಾಡುವ ಮುನ್ನ ಡಾಕ್ಟರ ಸಲಹೆ ಕೇಳಿ. ಮಗುವನ್ನು ಎತ್ತಿಕೊಂಡು, ಹಗಲು ಹೊತ್ತಿನಲ್ಲೇ, ಊರ ಬೀದಿಯಲ್ಲೇ ನಡೆದು ಆಸ್ಪತ್ರೆಗೆ ಹೋಗಿ.