ಟೈಲರಮ್ಮನ ಮನೆಯ ಪರದೆ

ಪರದೇಶಕ್ಕೆ ಬಂದು ಐದು ವರ್ಷ ಕಳೆದರೂ ಟೈಲರಮ್ಮನ ಮನೆಯ ಕಿಟಕಿ ಪರದೆಗೆ ಒಂದು ಗಟ್ಟಿ ಹೊಲಿಗೆ ಬಿದ್ದಿರಲಿಲ್ಲ. ಕೆಳಗಿನ ಅಂಚನ್ನು ಮಡಿಸಿ, ಬಿಳಿ ದಾರದಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಬಿಟ್ಟಿದ್ದಳು. ಮಿಷನ್ನಿಗೆ ಕೊಡುವ ಮೊದಲು ಬಟ್ಟೆ ಅಲುಗಾಡದಿರಲೆಂದು ಹಾಕಿ, ಆಮೇಲೆ ಎಳೆದು ಬಿಸಾಡುವ ಹೊಲಿಗೆ ಅದು. ದಿಂಬಿನ ಚೀಲಕ್ಕೂ ಅದೇ, ಸೋಫಾದ ಹೊದಿಕೆಗೂ ಅದೇ. ಕೇಳಿದರೆ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು: “ಮುಂದಿನ ವರ್ಷ ಊರಿಗೆ ಹೋಗ್ತೀವಲ್ಲ. ಅಲ್ಲಿನ ಕಿಟಕಿ ಅಳತೆಗೆ ಬಿಚ್ಚಿ ಹೊಲಿಯೋಕೆ ಸುಲಭ ಆಗುತ್ತೆ.”

ಆ ಮುಂದಿನ ವರ್ಷವೋ, ಇವರು ಒಂದು ಹೆಜ್ಜೆ ಇಟ್ಟರೆ ತಾನೂ ಒಂದು ಹೆಜ್ಜೆ ಮುಂದಕ್ಕೆ ಹೋಗಿ ನಿಲ್ಲುತ್ತಿತ್ತು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ಮೊದಮೊದಲು ತಮಾಷೆ ಮಾಡಿದ, ಆಮೇಲೆ ಅದನ್ನೂ ಬಿಟ್ಟ. ಊರಲ್ಲಿದ್ದ ಅಕ್ಕ ಮಾತ್ರ ಫೋನಿನಲ್ಲಿ ಸುಮ್ಮನಿರುತ್ತಿರಲಿಲ್ಲ. “ಅಲ್ವೇ, ಛತ್ರಕ್ಕೆ ಬಂದ ನೆಂಟರ ಥರ ಗಂಟುಮೂಟೆ ಪಕ್ಕದಲ್ಲೇ ಇಟ್ಕೊಂಡು ಕೂತಿದೀಯಲ್ಲ, ಬೆನ್ನು ನೋಯಲ್ವೇನೇ?”

ಟೈಲರಮ್ಮ ಕೆಲಸ ಮಾಡುತ್ತಿದ್ದುದು ಬಟ್ಟೆ ಸರಿಮಾಡಿಕೊಡುವ ಸಣ್ಣ ಅಂಗಡಿಯಲ್ಲಿ. ಪ್ಯಾಂಟು ಗಿಡ್ಡ ಮಾಡುವುದು, ಜಿಪ್ಪು ಹಾಕುವುದು, ಕೋಟಿನ ಅಸ್ತರು ಬದಲಿಸುವುದು. ಅಲ್ಲಿ ಮಾತ್ರ ಅವಳ ಹೊಲಿಗೆ ಅಂದರೆ ಹೊಲಿಗೆ. ಬಟ್ಟೆ ಹರಿದೀತು, ಹೊಲಿಗೆ ಬಿಡದು. ಅಂಗಡಿಯ ಯಜಮಾನಿ ವಯಸ್ಸಾದವಳು, ಸೂಜಿಗೆ ದಾರ ಪೋಣಿಸುವಷ್ಟೂ ಕಣ್ಣು ಕಾಣುತ್ತಿರಲಿಲ್ಲ. ಒಂದು ಸೋಮವಾರ ಆಕೆ ಅಂಗಡಿಯ ಬೀಗದಕೈಯನ್ನು ಮೇಜಿನ ಮೇಲಿಟ್ಟು, ಅಲ್ಲಿನ ಭಾಷೆಯಲ್ಲೇ ಕೇಳಿದಳು.

“ನನ್ನ ಕೈಲಿ ಇನ್ನಾಗಲ್ಲಮ್ಮ. ಅಂಗಡಿ ನೀನು ನಡೆಸ್ತೀಯಾ? ಶನಿವಾರದೊಳಗೆ ಹೇಳು. ನೀನು ಬೇಡ ಅಂದ್ರೆ ಪಕ್ಕದ ಹೂವಿನಂಗಡಿಯವನು ಗೋಡೆ ಒಡೆದು ತನ್ನದಕ್ಕೆ ಸೇರಿಸ್ಕೋತಾನೆ.”

ಹೂಂ ಅಂದರೆ ಇಲ್ಲೇ ಬೇರು ಬಿಟ್ಟಂತೆ. ಉಹೂಂ ಅಂದರೆ ಕಿಟಕಿ ಪಕ್ಕದ ಆ ಮೇಜು, ಕೈಗೆ ಒಗ್ಗಿದ ಆ ಮಿಷನ್ನು, ಎರಡೂ ಕೈಬಿಟ್ಟಂತೆ. ಸಂಜೆ ಗಂಡನ ಮುಂದೆ ಹೇಳಿದಳು: “ಬೇಡ ಅಂತೀನಿ. ಊರಿಗೆ ಹೋಗೋರಿಗೆ ಅಂಗಡಿ ಯಾಕೆ?”

“ನಿನ್ನಿಷ್ಟ,” ಎಂದು ಅವನು ತಟ್ಟೆ ತೊಳೆಯಲು ಎದ್ದ. ಅವನ ಮುಖ ಸಣ್ಣಗಾದದ್ದು ಅವಳಿಗೆ ಕಾಣಿಸದೇ ಇರಲಿಲ್ಲ.

ಗುರುವಾರ ಮಗಳ ಶಾಲೆಯಲ್ಲಿ ಹಾಡಿನ ಕಾರ್ಯಕ್ರಮ. ಪುಟ್ಟಿಗೆ ಹೊಸ ಲಂಗವನ್ನು ಅಮ್ಮನೇ ಹೊಲಿದಿದ್ದಳು. ಬೆಳೆಯುವ ಮಗು ಎಂದು ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆಯನ್ನು ಒಳಕ್ಕೆ ಮಡಿಸಿದ್ದಳು. ಅಷ್ಟನ್ನು ಯಾವ ಟೈಲರಾದರೂ ಮಾಡುತ್ತಾರೆ. ಆದರೆ ಊರಿಗೆ ಹೋಗುವಷ್ಟರಲ್ಲಿ ಉದ್ದ ಬೆಳೆದಿರುತ್ತಾಳೆ, ಹೇಗೂ ಬಿಚ್ಚಬೇಕಲ್ಲ ಎಂದು ಈ ಮಹಾತಾಯಿ ಅದಕ್ಕೂ ಕಚ್ಚಾ ಹೊಲಿಗೆಯನ್ನೇ ಹಾಕಿದ್ದಳು!

ಹಾಡಿನ ನಡುವೆ ಮಕ್ಕಳೆಲ್ಲ ಒಂದು ಸುತ್ತು ತಿರುಗಬೇಕಿತ್ತು. ಪುಟ್ಟಿ ತಿರುಗಿದಳು. ಅವಳ ಶೂಗೆ ದಾರ ಸಿಕ್ಕಿ, ಅಂಚು ಬಿಚ್ಚಿಕೊಂಡು, ಲಂಗ ಒಂದು ಕಡೆ ಪಾದದವರೆಗೆ ಜೋತುಬಿತ್ತು. ಮುಂದೆ ಕೂತ ಮಕ್ಕಳು ಕಿಸಕ್ಕನೆ ನಕ್ಕವು. ಹಿಂದಿನ ಸಾಲಿನಿಂದ ಯಾರೋ ಹೆಂಗಸು ಪಿಸುಗುಟ್ಟಿದಳು, “ಅವಳಮ್ಮ ಟೈಲರ್ ಅಲ್ವಾ? ಅಯ್ಯೋ, ನನ್ನ ಕೋಟು ಅಲ್ಲೇ ಕೊಟ್ಟಿದೀನಿ!” ಟೈಲರಮ್ಮನಿಗೆ ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ಪುಟ್ಟಿ ಮಾತ್ರ ಕಣ್ಣು ತುಂಬಿಕೊಂಡೇ, ಲಂಗವನ್ನು ಒಂದು ಕೈಯಲ್ಲಿ ಹಿಡಿದು ಹಾಡು ಮುಗಿಸಿದಳು.

“ಊರಿಗೆ ಹೋದಾಗ ಬಿಚ್ಚೋಕೆ ಸುಲಭ ಆಗ್ಲಿ ಅಂತ ಹಾಗೆ ಹೊಲಿದಿದ್ದೆ ಕಣೇ,” ಎಂದಳು ಅಮ್ಮ, ಮನೆಗೆ ಬರುವ ದಾರಿಯಲ್ಲಿ.

ಪುಟ್ಟಿ ನಿಂತಳು. “ನಾವಿರೋದು ಇಲ್ಲೇ ಅಲ್ವೇನಮ್ಮ? ಬೇರೆಯವರ ಬಟ್ಟೆಗೆಲ್ಲ ಗಟ್ಟಿಯಾಗಿ ಹೊಲೀತೀಯ. ನಮ್ಮನೇದಕ್ಕೆ ಮಾತ್ರ ಯಾಕೆ ಹೀಗೆ?”

ಆ ಮಾತು ಎದೆಗೆ ನಾಟಿತು. ಮಗಳ ಕೈ ಹಿಡಿದು ನಡೆದಳು.

ಮರುದಿನ ಬೆಳಿಗ್ಗೆ ಅಂಗಡಿಗೆ ಹೋಗುವಾಗ ಬೇಕರಿಯವನು ಹಿಟ್ಟು ಮೆತ್ತಿದ ಕೈಯನ್ನೆತ್ತಿ ನಕ್ಕ. ದಿನವೂ ಎತ್ತುತ್ತಿದ್ದ ಕೈಯೇ ಅದು. ಇವಳೂ ಇವತ್ತು ಬಾಯಿ ತುಂಬ ನಕ್ಕಳು. ಯಜಮಾನಿ ತನ್ನ ಇನ್ನೊಂದು ಬೀಗದಕೈಯಿಂದ ಆಗಲೇ ಬಾಗಿಲು ತೆಗೆದಿದ್ದಳು. ಕಿಟಕಿಯ ಶಟರ್ ಎತ್ತಿದರೆ ಎಳೆಬಿಸಿಲು ನೇರವಾಗಿ ಮೇಜಿನ ಮೇಲೆ ಬಿತ್ತು. ಮಿಷನ್ನಿಗೆ ಎಣ್ಣೆ ಬಿಟ್ಟು ಕಾಲಿಟ್ಟಳು, ಗುಂಯ್ ಎಂದಿತು. ತನಗೆ ಇಲ್ಲಿ ಸುಖವಾಗಿದೆ, ಬಹಳ ದಿನದಿಂದಲೇ ಸುಖವಾಗಿದೆ! ಅದನ್ನು ಒಪ್ಪಿಕೊಂಡರೆ ಊರಿಗೆ ದ್ರೋಹ ಮಾಡಿದಂತಾಗುತ್ತದೆಂದು ಹೆದರಿದ್ದಳು, ಅಷ್ಟೇ. ಸೋಮವಾರದಿಂದ ಮೇಜಿನ ಮೇಲೆಯೇ ಬಿದ್ದಿದ್ದ ಬೀಗದಕೈಯನ್ನು ಎತ್ತಿ ತನ್ನ ಚೀಲಕ್ಕೆ ಹಾಕಿಕೊಂಡಳು. ಅದನ್ನು ನೋಡಿದ್ದೇ ಯಜಮಾನಿ ಹೂವಿನವನಿಗೆ ಫೋನ್ ಮಾಡಿ, “ಗೋಡೆ ಮುಟ್ಟಿದ್ರೆ ನೋಡು ಮತ್ತೆ,” ಎಂದಳು.

ಸಂಜೆ ಗಂಡ ಡಿಪೋದಿಂದ ಬರುವಷ್ಟರಲ್ಲಿ ಪುಟ್ಟಿಯ ಲಂಗ ಸರಿಯಾಗಿ, ಕಿಟಕಿ ಬರಿದಾಗಿ, ಪರದೆ ಗಟ್ಟಿ ಹೊಲಿಗೆ ಬಿದ್ದು ಮನೆಯ ಮಿಷನ್ನಿನ ಮೇಲಿತ್ತು. ಅಂಗಡಿಯ ವಿಷಯ ಕೇಳಿ ಅವನ ಮುಖ ಅರಳಿತು. ಆದರೂ ಹಳೆಯ ಚಾಳಿ ಬಿಡಬೇಕಲ್ಲ.

“ಏನ್ ಟೈಲರಮ್ಮ, ಇಷ್ಟು ಗಟ್ಟಿಯಾಗಿ ಹೊಲಿದ್ರೆ ಊರಿಗೆ ಹೋಗೋವಾಗ ಬಿಚ್ಚೋದು ಹೇಗೆ?”

“ಬಿಚ್ಚೋಕೂ ಬರ್ದೇ ಇದ್ರೆ ನಾನ್ಯಾವ ಸೀಮೆ ಟೈಲರು?” ಎಂದು ಅವಳು ಐದು ವರ್ಷದ ಬಿಳಿ ದಾರವನ್ನು ಸರ್ರನೆ ಒಂದೇ ಎಳೆತಕ್ಕೆ ಎಳೆದು ಹಾಕಿದಳು. “ಬನ್ನಿ, ಆ ಕಡೆ ತುದಿ ಹಿಡ್ಕೊಳ್ಳಿ. ನಮ್ಮನೆ ಕಿಟಕಿಗೆ ಪರದೆ ಹಾಕೋಣ.”