ಒಂಟಿ ಬತ್ತಿ

ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನ ಏಳನೇ ಮಹಡಿಯಲ್ಲಿ ಕನ್ನಡದವರ ಮನೆ ಎರಡೇ, ಅವೂ ಎದುರುಬದುರು. ಒಂದರಲ್ಲಿ ಪದ್ಮಾ ಮತ್ತು ಗಂಡ ಇಂದುಶೇಖರ, ಇನ್ನೊಂದರಲ್ಲಿ ಹೋದ ವರ್ಷ ಬಂದ ಚಿದಂಬರ, ರತ್ನಾ. ಊರಿನವರು ಸಿಕ್ಕರಲ್ಲ ಅಂತ ಪದ್ಮಾ ಮೊದಲ ದಿನ ಬಿಸಿಬೇಳೆಬಾತು ಕೊಟ್ಟು ಕಳಿಸಿದ್ದೂ ನಿಜ.

ಆಮೇಲೆ ಶುರುವಾಯಿತು. ಪದ್ಮಾ ಹಳೆಯ ಇಳಕಲ್ ಸೀರೆ ಕತ್ತರಿಸಿ ಪರದೆ ಹೊಲಿಸಿದ್ದಳು. ತಿಂಗಳೊಳಗೆ ಎದುರು ಮನೆಗೂ ಇಳಕಲ್ ಪರದೆ. ಬಾಗಿಲಿಗೆ ಚನ್ನಪಟ್ಟಣದ ಗೊಂಬೆ ಪೋಣಿಸಿದ ತೋರಣ ಕಟ್ಟಿದಳು, ಅಲ್ಲೂ ಬಂತು. ಕನ್ನಡದಲ್ಲಿ ಹೆಸರು ಬರೆಸಿದ ಮರದ ಹಲಗೆ, ನೀರಲ್ಲಿ ಚೆಂಡುಹೂ ತೇಲಿಬಿಟ್ಟ ಹಿತ್ತಾಳೆ ಉರುಳಿ, ಕೊನೆಗೆ ಚಪ್ಪಲಿ ಗೂಡಿನ ಬಣ್ಣವೂ ಅದೇ. "ಕಲೀತಿದೆ ಪಾಪ, ಬಿಡೇ," ಅಂತ ಇಂದುಶೇಖರ ನಕ್ಕುಬಿಡುತ್ತಿದ್ದ.

ಪದ್ಮಾಳೂ ಬಿಟ್ಟುಬಿಡುತ್ತಿದ್ದಳೋ ಏನೋ. ಆದರೆ ಗೌರಿ ಹಬ್ಬಕ್ಕೆ ಬಾಗಿನ ತಗೊಳ್ಳಲು ಬಂದ ಹೆಂಗಸೊಬ್ಬಳು ಮೊದಲು ಎದುರು ಮನೆಗೆ ಹೋಗಿ, ಆಮೇಲೆ ಇಲ್ಲಿಗೆ ಬಂದು, ಸೋಫಾದಲ್ಲಿ ಕೂತು ಸುತ್ತ ಕಣ್ಣಾಡಿಸಿ, "ಅಚ್ಛಾ, ನೀವೂ ರತ್ನಾ ಮನೆ ಥರಾನೇ ಮಾಡ್ಕೊಂಡಿದೀರಲ್ಲ," ಅಂದಳು. ಪದ್ಮಾ ಆಕೆಗೆ ಎರಡನೇ ಸಲ ಪಾಯಸ ಬಡಿಸಲಿಲ್ಲ. ಆ ಮಾತು ಮಾತ್ರ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿತು.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ರತ್ನಾ ಬಂದಳು. ಅತ್ತೆ ಮಾವ ಭಾನುವಾರ ಹಾಸನದಿಂದ ಬರುತ್ತಾರಂತೆ. ಮಾವ ಚಂದ್ರಪ್ಪನವರ ಎದೆಗೆ ಸ್ಟೆಂಟ್ ಹಾಕಿ ತಿಂಗಳಾಗಿದೆ, ಇಲ್ಲಿಯ ದೊಡ್ಡ ಡಾಕ್ಟರಿಗೆ ತೋರಿಸಬೇಕು. ರತ್ನಾ ದೆಹಲಿಯಲ್ಲೇ ಬೆಳೆದವಳು, ಐದನೇ ವರ್ಷಕ್ಕೆ ತಾಯಿ ಹೋದಳು, ಆಮೇಲೆ ಹಾಸ್ಟೆಲ್ಲು. ಸಂಪ್ರದಾಯ ತಿಳಿಯದ ಹುಡುಗಿಯನ್ನು ಮಗ ಇಷ್ಟಪಟ್ಟು ಕಟ್ಟಿಕೊಂಡನೆಂದು ಅತ್ತೆ ವಿಜಯಮ್ಮ ಸೊಸೆಯ ಮನೆಗೆ ಕಾಲಿಟ್ಟವರೇ ಅಲ್ಲ.

"ಮದುವೆ ಆಗಿ ಚಾರ್ ಸಾಲ್, ನಾಲ್ಕು ವರ್ಷ ಆಯ್ತು ಆಂಟಿ. ಅತ್ತೆ ಒಂದ್ಸಲ ಹೊಸ್ತಿಲು ದಾಟಿ ಒಳಗೆ ಬಂದ್ರೆ ಸಾಕು ನನಗೆ," ಅಂದಳು ರತ್ನಾ. "ಬಾಗಿಲಲ್ಲಿ ಏನೇನು ಇಡ್ಬೇಕು? ಹೇಳ್ಕೊಡಿ ನಾ."

ಹೇಳಿಕೊಡುವುದೇನು, ಪದ್ಮಾ ಕೈಹಿಡಿದು ಬರೆಸಬಹುದಿತ್ತು. "ಹೇಳೋದೇನಿದೆ. ಭಾನುವಾರ ನಾನೇನು ಮಾಡ್ತೀನೋ ನೋಡ್ಕೊ," ಅಂದಳು.

ಭಾನುವಾರ ಬೆಳಿಗ್ಗೆ ಪದ್ಮಾ ಹೊಸ್ತಿಲ ಮುಂದೆ ನೀರು ಹಾಕಿ ಒರೆಸಿ, ರಂಗೋಲಿ ಹಾಕದೆ ಬರಿದಾಗಿ ಬಿಟ್ಟಳು. ಮಣ್ಣಿನ ಹಣತೆಗೆ ಎಳ್ಳೆಣ್ಣೆ ಸುರಿದು, ಜೋಡಿ ಬತ್ತಿಯ ಬದಲು ಒಂಟಿ ಬತ್ತಿ ಹಾಕಿ, ಲಿಫ್ಟಿನ ಕಡೆಗೆ, ಅಂದರೆ ದಕ್ಷಿಣಕ್ಕೆ ಮುಖ ಮಾಡಿ, ಬರಿ ನೆಲದ ಮೇಲಿಟ್ಟು ಹಚ್ಚಿದಳು. ಹೆಣದ ತಲೆಯ ಹತ್ತಿರ ಇಡುವ ದೀಪ ಅದು. ಹಚ್ಚುವಾಗ ಹಣತೆ ವಾಲಿ ಎರಡು ಹನಿ ಎಣ್ಣೆ ನೆಲಕ್ಕೆ ಬಿತ್ತು. ಒಳಗೆ ಹೋಗಿ ಬಾಗಿಲ ತೂತಿಗೆ ಕಣ್ಣಿಟ್ಟಳು.

ರತ್ನಾ ಹೊರಗೆ ಬಂದಳು. ಕೂತು ನೋಡಿದಳು, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡಳು. ತನ್ನ ಹೊಸ್ತಿಲಲ್ಲೂ ಹಾಗೆಯೇ ಇಟ್ಟು, ಫೋಟೋ ನೋಡಿ ಬತ್ತಿಯನ್ನು ಕೂದಲೆಳೆಯಷ್ಟು ಲಿಫ್ಟಿನ ಕಡೆಗೆ ಸರಿಸಿದಳು. ಗಂಡ ವಿಮಾನ ನಿಲ್ದಾಣಕ್ಕೆ ಹೋಗಿದ್ದ. ಇವಳು ಸೆರಗು ಸರಿಮಾಡಿಕೊಂಡು ಗೇಟಿಗಿಳಿದಳು.

ಲಿಫ್ಟ್ ಕೆಳಗಿಳಿದದ್ದೇ ತಡ, ಪದ್ಮಾ ಹಣತೆ ಎತ್ತಿ ಒಳಗಿಟ್ಟು, ಅಲ್ಲೇ ಎಂಟೆಸಳಿನ ಪದ್ಮದ ರಂಗೋಲಿ ಬರೆದು ಅರಿಸಿನ ಕುಂಕುಮ ಇಟ್ಟಳು.

ಲಿಫ್ಟಿನಿಂದ ಮೊದಲು ಹೊರಬಂದವರು ಚಂದ್ರಪ್ಪ. ದೀಪ ನೇರ ಅವರನ್ನೇ ನೋಡುತ್ತಿತ್ತು. ಅವರ ಕೈ ತಾನಾಗಿ ಎದೆಗೆ ಹೋಯಿತು. ಹಿಂದಿನಿಂದ ಬಂದ ವಿಜಯಮ್ಮ ಗಂಡನ ತೋಳು ಹಿಡಿದುಕೊಂಡು ಕೇಳಿದರು, "ಯಾರಿಗಮ್ಮ ಇದು ಹಚ್ಚಿರೋದು?"

ರತ್ನಾ ನಾಲ್ಕು ವರ್ಷದಿಂದ ಕೂಡಿಟ್ಟ ನಗುವನ್ನೆಲ್ಲ ನಕ್ಕು ಅಂದಳು: "ಮಾವನಿಗೆ, ಅತ್ತೆ. ಅವರು ಬರ್ತಾರೆ ಅಂತಾನೇ."

ವಿಜಯಮ್ಮ ಕೂಗಾಡಲಿಲ್ಲ. "ಚಿದು, ಇವರನ್ನ ಕೆಳಗೆ ಕರಕೊಂಡು ಹೋಗು," ಅಂದರು, ಅಷ್ಟೇ. ಚಿದಂಬರನಿಗೆ ದೀಪ ಕಂಡಿತು, ಮುಖದ ಬಣ್ಣ ಇಳಿಯಿತು. ರತ್ನಾ ಏನೂ ತಿಳಿಯದೆ ಎದುರು ಬಾಗಿಲು ಬಡಿದಳು. ಪದ್ಮಾ ಸೀರೆಗೆ ಕೈಯೊರೆಸಿಕೊಳ್ಳುತ್ತ ಬಂದಳು.

"ಪದ್ಮಾಂಟಿ, ಹೇಳಿ ನಾ. ಬೆಳಿಗ್ಗೆ ನೀವೂ ಹೀಗೇ ಇಟ್ಟಿದ್ರಿ ಅಲ್ವಾ?"

"ಒಂಟಿ ಬತ್ತೀನಾ? ಮುತ್ತೈದೆ ಮನೇಲಿ ಯಾರಾದ್ರೂ ಇಡ್ತಾರೇನಮ್ಮ."

ರತ್ನಾ ಮೊಬೈಲು ಮುಂದೆ ಹಿಡಿದಳು. ವಿಜಯಮ್ಮ ಅದರ ಕಡೆ ನೋಡಲೇ ಇಲ್ಲ. ಪದ್ಮಾಳ ರಂಗೋಲಿಯನ್ನು ನೋಡಿ, "ಮನೆ ಅಂದ್ರೆ ಹೀಗಿರ್ಬೇಕು," ಅಂದು ಲಿಫ್ಟ್ ಹತ್ತಿದರು. ಚಾಣಕ್ಯಪುರಿಯ ಅತಿಥಿಗೃಹದಲ್ಲಿ ರೂಮು ಸಿಗುತ್ತದಾ ಅಂತ ಚಿದಂಬರ ಫೋನಿನಲ್ಲಿ ಕೇಳುತ್ತಿದ್ದ. ಲಿಫ್ಟಿನ ಬಾಗಿಲು ಮುಚ್ಚಿತು.

ರತ್ನಾ ಪದ್ಮಾಳ ಹೊಸ್ತಿಲ ಮುಂದೆ ಕುಕ್ಕರಗಾಲಲ್ಲಿ ಕೂತಳು. ರಂಗೋಲಿಯ ಒಂದು ಎಸಳಿನಲ್ಲಿ ಬಿಳಿ ಪುಡಿ ಎಣ್ಣೆ ಕುಡಿದು ಕಪ್ಪಾಗಿತ್ತು. ಬೆರಳಿಟ್ಟು ಮೂಸಿದಳು.

"ನೋಡ್ಕೊ ಅಂದ್ರಿ ಆಂಟಿ. ನೋಡ್ದೆ."

"ಎಣ್ಣೆ ಕೈ ಗೋಡೆಗೆ ತಾಗಿಸ್ಬೇಡ, ಹೋಗಲ್ಲ," ಅಂತ ಪದ್ಮಾ ಬಾಗಿಲು ಹಾಕಿಕೊಂಡಳು.

ಸದ್ದು ಏನು ಅಂತ ಇಂದುಶೇಖರ ಪೇಪರಿನ ಹಿಂದಿನಿಂದ ಕೇಳಿದ.

"ಎದುರು ಮನೆಗೆ ನೆಂಟರು ಬಂದಿದ್ರು," ಅಂದಳು ಪದ್ಮಾ. "ಹೋದ್ರು."