ಸೊಂಗ್‌ಕ್ರಾನಿನ ಕುರ್ಚಿಯಲ್ಲಿ ಜಲಜಮ್ಮ

ಮಲೇಷ್ಯಾದ ಪುಚೊಂಗಿನಲ್ಲಿ ನೆಲೆಸಿದ ಜಲಜಮ್ಮನವರಿಗೆ ವರ್ಷವೆಂದರೆ ತಿಂಗಳುಗಳ ಸಾಲಲ್ಲ, ಥಾಯ್ ಹಬ್ಬಗಳ ಸಾಲು: ಏಪ್ರಿಲ್ಲಿನ ನೀರಹಬ್ಬ ಸೊಂಗ್‌ಕ್ರಾನ್, ಜುಲೈ ಹೊತ್ತಿಗೆ ಭಿಕ್ಷುಗಳು ಮಳೆಗಾಲದ ವ್ರತಕ್ಕೆ ಕೂರುವಾಗಿನ ಮೇಣದ ಮೆರವಣಿಗೆ, ನಮ್ಮ ಪಿತೃಪಕ್ಷದ ಆಸುಪಾಸಿನಲ್ಲೇ ಬರುವ ಹಿರಿಯರ ಹಬ್ಬ, ನವೆಂಬರಿನ ಹುಣ್ಣಿಮೆಗೆ ಬಾಳೆದಿಂಡಿನ ತೆಪ್ಪದಲ್ಲಿ ದೀಪವಿಟ್ಟು ನೀರಿಗೆ ಬಿಡುವ ಲಾಯ್ ಕ್ರಥೋಂಗ್. ಮೈಸೂರಿನ ಆಚಾರವಂತ ಮನೆತನದ ಹೆಂಗಸಿಗೆ ಈ ಹುಚ್ಚು ಹೇಗೆ ಹತ್ತಿತೆಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ಒಂದ್ಸಲ ಕೆಡಾಕ್ಕೆ ಬನ್ನಿ ಲಾ, ಆಮೇಲೆ ಮಾತಾಡೋಣ." ಕೆಡಾ ರಾಜ್ಯದ ಗಡಿಯಂಚಿನಲ್ಲಿ ತಲೆತಲಾಂತರದಿಂದ ನೆಲೆಸಿದ ಥಾಯ್ ಮಾತಿನ ಜನರ ಹಳ್ಳಿಯೊಂದಿದೆ. ಹಬ್ಬ ಬಂತೆಂದರೆ ಕನ್ನಡದ ಕುಟುಂಬಗಳನ್ನು ಬಸ್ಸಿನಲ್ಲಿ ತುಂಬಿಕೊಂಡು ಅಲ್ಲಿಗೆ ಹೊರಟುಬಿಡುವುದು ಅವರ ವ್ರತವಾಗಿತ್ತು.

ಬಸ್ಸಿಳಿದ ಮೇಲೆ ಅವರದು ನಡಿಗೆಯಲ್ಲ, ಅರ್ಧ ಓಟ. ಮಡಚಿದ ಕೊಡೆಯನ್ನು ಎತ್ತಿ ಹಿಡಿದು, ಸುಡುಬಿಸಿಲಲ್ಲೂ ಗಂಡ ಮಧ್ವರಾಜರ ಹಳೆಯ ಕಂದು ರೇನ್‌ಕೋಟು ತೊಟ್ಟು, ಹಿಂದೆ ಯಾರು ಬಂದರು, ಯಾರು ಉಳಿದರು ಎಂದು ತಿರುಗಿಯೂ ನೋಡದೆ ಸಾಗುವರು. ಹಟವೂ ಅಂಥದ್ದೇ. ಮಕ್ಕಳು ತಂದ ನೀರಿನ ಪಿಸ್ತೂಲುಗಳನ್ನೆಲ್ಲ ಮೊದಲು ಕಸಿದು ಚೀಲಕ್ಕೆ ಹಾಕುವರು. ಅಲ್ಲಿ ಹಿರಿಯಜ್ಜಿಯೊಬ್ಬಳು ತನ್ನ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿರುವಳು. ಒಬ್ಬೊಬ್ಬರೂ ಮಂಡಿಯೂರಿ ಆಕೆಯ ಅಂಗೈಗೆ ಮಲ್ಲಿಗೆ ತೇಲುವ ನೀರೆರೆದು, ಆಕೆಯಿಂದ ಕೆನ್ನೆಗೆ ಬಿಳಿಯ ಪುಡಿ ಹಚ್ಚಿಸಿಕೊಂಡು, ಆಶೀರ್ವಾದ ಪಡೆದ ಮೇಲೆಯೇ ಆಟ. "ಫೋಟೋ ಆಮೇಲೆ. ನಾವು ನೋಡೋಕೆ ಬಂದಿಲ್ಲ, ಹಬ್ಬಕ್ಕೆ ಬಂದಿದೀವಿ," ಎಂದು ಜಲಜಮ್ಮ ಗದರುವರು. ಐಟಿ ಕಂಪನಿಯ ದೊಡ್ಡ ದೊಡ್ಡ ಮ್ಯಾನೇಜರುಗಳೂ ತುಟಿ ಬಿಚ್ಚದೆ ಸಾಲಿನಲ್ಲಿ ನಿಲ್ಲುತ್ತಿದ್ದರು.

೨೦೨೦ರ ಮಾರ್ಚಿನಲ್ಲಿ ಲೋಕವೇ ಬಾಗಿಲು ಹಾಕಿಕೊಂಡಿತು. ರಾಜ್ಯದಿಂದ ರಾಜ್ಯಕ್ಕೆ ಕಾಲಿಡುವಂತಿಲ್ಲವಾಯಿತು. ಮರುವರ್ಷ, ಕೆಮ್ಮುತ್ತ ಆಂಬುಲೆನ್ಸ್ ಹತ್ತಿದ ಮಧ್ವರಾಜರು ತಿರುಗಿ ಬರಲಿಲ್ಲ. ನರ್ಸೊಬ್ಬಳು ಎತ್ತಿ ಹಿಡಿದ ಫೋನಿನಲ್ಲಿ ಕಂಡದ್ದೇ ಕೊನೆಯ ಮುಖ. ಆ ಆಘಾತವನ್ನು ಜಲಜಮ್ಮ ಹೇಗೋ ನುಂಗಿಕೊಂಡರು.

ನುಂಗಲಾಗದೆ ಹೋದದ್ದು ದಸರೆಯದು. ಅವರಿದ್ದ ಕಾಂಡೋ ಕಟ್ಟಡದಲ್ಲೇ ಇದ್ದ ಚೈತನ್ಯಾ ಗೊಂಬೆ ಕೂರಿಸಿದ್ದಳು. ಅರಿಶಿನ ಕುಂಕುಮದ ತಟ್ಟೆ ಸಾಲಾಗಿ ಬಂದು, ಜಲಜಮ್ಮನವರ ಮುಂದೆ ಒಂದು ಕ್ಷಣ ತಡೆದು, ಪಕ್ಕದವರ ಕಡೆ ಸರಿಯಿತು. "ಆಂಟಿ, ನಿಮಗೆ ಉಸಲಿ ಡಬ್ಬಿಗೆ ಹಾಕಿ ಟಪಾವ್ ಮಾಡಿಟ್ಟಿದೀನಿ, ಮನೆಗೇ ತಗೊಂಡ್ಹೋಗಿ," ಎಂದಳು ಚೈತನ್ಯಾ. ಕೆಟ್ಟ ಹುಡುಗಿಯಲ್ಲ, ಮಾತಾಡುವಾಗ ಕಣ್ಣು ತಪ್ಪಿಸಿದ್ದಳು. ಜಲಜಮ್ಮ ಡಬ್ಬಿ ಹಿಡಿದು ಲಿಫ್ಟು ಹತ್ತಿದರು. ಇಷ್ಟು ಮನೆಗಳಿಗೆ ಹಬ್ಬ ತೋರಿಸಿದವಳಿಗೆ ಇನ್ನು ಯಾವ ಹಬ್ಬದಲ್ಲಿ ಜಾಗ? ತಮ್ಮ ತಾಯಿಯೂ ಹೀಗೆಯೇ ಅಡುಗೆಮನೆಯ ಬಾಗಿಲಲ್ಲಿ ಉಳಿದುಹೋದದ್ದು ನೆನಪಾಯಿತು. ಆಗ ಅದು ತಪ್ಪೆಂದು ಅವರಿಗೂ ತೋರಿರಲಿಲ್ಲ.

೨೦೨೨ರ ಏಪ್ರಿಲ್ಲಿನಲ್ಲಿ ಮತ್ತೆ ಬಸ್ಸು ಹೊರಟಿತು. ಎಲ್ಲರ ಮುಖಕ್ಕೂ ಮಾಸ್ಕು, ಚೈತನ್ಯಾಳೂ ಇದ್ದಳು. ಜಲಜಮ್ಮ ದಾರಿಯುದ್ದಕ್ಕೂ ಒಂದು ನಿಶ್ಚಯ ಮಾಡಿಕೊಂಡೇ ಬಂದಿದ್ದರು: ಜನರನ್ನು ಅಂಗಳದವರೆಗೆ ಬಿಟ್ಟು ತಾನು ಬಸ್ಸಿಗೆ ಹಿಂತಿರುಗುವುದು. ಆ ಅಜ್ಜಿಯೂ ಕೈ ಹಿಂದೆಳೆದುಕೊಂಡರೆ ತಡೆದುಕೊಳ್ಳುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ.

ಅಂಗಳದಲ್ಲಿ ಕುರ್ಚಿಯಿತ್ತು, ಅಜ್ಜಿ ಇರಲಿಲ್ಲ. ಅಜ್ಜಿಯ ಮಗಳು ವಿಲಾಯ್ ಓಡಿಬಂದು ಜಲಜಮ್ಮನವರ ಕೈ ಹಿಡಿದುಕೊಂಡಳು. ಕಳೆದ ಮಳೆಗಾಲದಲ್ಲಿ ಇದೇ ರೋಗಕ್ಕೆ ಅಜ್ಜಿ ತೀರಿಕೊಂಡಿದ್ದಳು.

"ಫೋನ್ ಮಾಡಿದಾಗಲೆಲ್ಲ ಅಮ್ಮ ಚೆನ್ನಾಗಿದ್ದಾಳೆ ಅಂತಿದ್ಯಲ್ಲ?" ಎಂದರು ಜಲಜಮ್ಮ.

"ನಿನ್ನ ಗಂಡ ಹೋಗಿದ್ದ. ಅದರ ಮೇಲೆ ಇದನ್ನೂ ಹೇಗೆ ಹೇಳಲಿ?" ಎಂದಳು ವಿಲಾಯ್, ಮಲಯ ಬೆರೆತ ತನ್ನ ಇಂಗ್ಲಿಷಿನಲ್ಲಿ. ಆಮೇಲೆ ಕುರ್ಚಿಯತ್ತ ಕೈ ತೋರಿಸಿದಳು. "ಕೂತ್ಕೋ. ಈ ಮನೆಗೆ ಬರುವವರಲ್ಲಿ ಈಗ ನೀನೇ ಹಿರಿಯಳು."

ಜಲಜಮ್ಮ ದಂಗಾಗಿ ಹಿಂದೆ ಸರಿದರು. "ಬೇಡಮ್ಮ. ನಾನು ಗಂಡ ಕಳಕೊಂಡವಳು. ಆಶೀರ್ವಾದಕ್ಕೆಲ್ಲ ಕೂರಬಾರದು."

ವಿಲಾಯ್‌ಗೆ ಅದು ಅರ್ಥವೇ ಆಗಲಿಲ್ಲ. "ಅಮ್ಮನೂ ಹಾಗೇ ತಾನೆ? ಅಪ್ಪ ಸತ್ತಾಗ ನಾನಿನ್ನೂ ಹುಟ್ಟಿರಲಿಲ್ಲ."

ಸಾಲಿನಲ್ಲಿದ್ದವರಿಗೆಲ್ಲ ಇದು ಕೇಳಿಸಿತು. ಆ ಅಜ್ಜಿಯ ಮುಂದೆ ಮಂಡಿಯೂರದ ಹೆಣ್ಣು ಅಲ್ಲಿ ಒಬ್ಬಳೂ ಇರಲಿಲ್ಲ. ಚೈತನ್ಯಾ ಮದುವೆಯಾದ ಹೊಸತರಲ್ಲೇ ಆಕೆಯ ಕೈಯಿಂದ ಕೆನ್ನೆಗೆ ಪುಡಿ ಹಚ್ಚಿಸಿಕೊಂಡಿದ್ದಳು. ಹಬ್ಬದ ಒಂದೊಂದು ಎಳೆಯನ್ನೂ ಬಲ್ಲ ಜಲಜಮ್ಮನವರಿಗೆ, ಹಬ್ಬದ ನಡುವೆ ಕೂತ ಹೆಂಗಸಿಗೆ ಗಂಡನಿದ್ದಾನೋ ಇಲ್ಲವೋ ಎಂಬ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಆಶೀರ್ವಾದವಂತೂ ಯಾರಿಗೂ ಕಡಿಮೆ ಬಿದ್ದಿರಲಿಲ್ಲ.

ಅವರು ಕೂತರು. ಮೊದಲು ಬಂದವಳು ಚೈತನ್ಯಾ. ಅವಳು ಬಟ್ಟಲು ಬಗ್ಗಿಸಿದಾಗ ಅರ್ಧ ನೀರು ರೇನ್‌ಕೋಟಿನ ಮೇಲೆ ಚೆಲ್ಲಿತು. "ಆಂಟಿ, ಅವತ್ತು ನಾನು..." ಎಂದು ಶುರುಮಾಡಿ ತಲೆ ಬಗ್ಗಿಸಿದಳು. ಬಗ್ಗಿದ ತಲೆಯ ಮೇಲೆ ಕೈಯಿಟ್ಟಾಗ ರೂಢಿಯ 'ದೀರ್ಘಸುಮಂಗಲಿ' ಜಲಜಮ್ಮನವರ ನಾಲಗೆಯ ತುದಿಯವರೆಗೆ ಬಂದು ಅಲ್ಲೇ ನಿಂತುಬಿಟ್ಟಿತು. "ಚೆನ್ನಾಗಿರು," ಎಂದರು.

ಪರರ ಹಬ್ಬಕ್ಕೆ ಜನರನ್ನು ಕರೆದೊಯ್ಯುವವರದು ಒಂದು ವಿಚಿತ್ರ ಕುಲ. ಎಲ್ಲರನ್ನೂ ಒಳಗೆ ಬಿಟ್ಟು ತಾವು ಹೊಸ್ತಿಲಲ್ಲಿ ಉಳಿಯುವರು. ಅನ್ಯರ ಆಚಾರವನ್ನು ಕಣ್ಣಿಗೊತ್ತಿಕೊಳ್ಳುವಷ್ಟು ಉದಾರಿಗಳು, ತಮ್ಮವರ ಆಚಾರ ತಮ್ಮನ್ನೇ ಹೊರಗಿಟ್ಟರೆ ಡಬ್ಬಿ ಹಿಡಿದು ಸುಮ್ಮನೆ ಮನೆಗೆ ಹೋಗುವಷ್ಟು ಸಾಧುಗಳು. ನಿನಗಿಲ್ಲಿ ಜಾಗವಿಲ್ಲ ಎಂದು ನಮ್ಮವರು ಬಾಯಿಬಿಟ್ಟು ಹೇಳುವುದೇ ಬೇಡ, ಅವರು ನಂಬಿಬಿಡುತ್ತಾರೆ. ಈ ಜಾಗ ನಿನ್ನದೇ ಎಂದು ಪರರು ಕೈಹಿಡಿದು ಕೂರಿಸಿದಾಗ ಮಾತ್ರ, ಏನೋ ತಪ್ಪಾಯಿತೆಂಬಂತೆ ಬೆಚ್ಚಿಬೀಳುತ್ತಾರೆ.